ಎಪ್ಪತ್ತು ದಾಟಿದ ಕೈಗಳು

ಮನೆಯ ಹಿರಿಯರೊಬ್ಬರು ಕಾಲವಾದ ಮೇಲೆ ಅವರ ನೆನಪು ಬರುವುದು ಗೋಡೆಯ ಮೇಲಿನ ಭಾವಚಿತ್ರವನ್ನು ಕಂಡಾಗ ಮಾತ್ರವಲ್ಲ. ಬಾಗಿಲಿನ ಅಗುಳಿ ಸಡಿಲವಾದಾಗ, ಬಾವಿಯ ರಾಟೆ ಕಿರುಗುಟ್ಟಿದಾಗ, ತೊಟ್ಟಿಲಿನ ಕೊಂಡಿ ಕಳಚಿದಾಗ ಆ ನೆನಪು ಇನ್ನೂ ತೀವ್ರವಾಗಿ ಬರುತ್ತದೆ. “ಅಜ್ಜ ಇದ್ದಿದ್ದರೆ ಗಳಿಗೆಯೊಳಗೆ ಸರಿಮಾಡಿಬಿಡುತ್ತಿದ್ದರು” ಎಂದು ಯಾರೋ ಒಬ್ಬರು ಅನ್ನುತ್ತಾರೆ. ಉಳಿದವರು ಸುಮ್ಮನಾಗುತ್ತಾರೆ. ದೀರ್ಘಾಯುಷ್ಯವನ್ನು ಕಂಡ ಹಿರಿಯನಿಗೆ ಇದಕ್ಕಿಂತ ದೊಡ್ಡ ಶ್ರದ್ಧಾಂಜಲಿ ಬೇರೊಂದಿಲ್ಲ.

ಕಾರ್ಕಳದಿಂದ ಪೂರ್ವಕ್ಕೆ ಹೊರಟವರಿಗೆ ಮಿಯ್ಯಾರು ಕಳೆದ ಮೇಲೆ ಬಜಗೋಳಿ ಎದುರಾಗುತ್ತದೆ. ಅಲ್ಲಿ ದಾರಿ ಕವಲೊಡೆಯುತ್ತದೆ. ಒಂದು ಘಟ್ಟವನ್ನೇರಿ ಕುದುರೆಮುಖದ ಕಡೆಗೆ ಹೋದರೆ, ಇನ್ನೊಂದು ನಾರಾವಿ, ಗುರುವಾಯನಕೆರೆಗಳ ಮೂಲಕ ಧರ್ಮಸ್ಥಳದತ್ತ ಸಾಗುತ್ತದೆ. ಈ ಸೀಮೆಯ ಹಳೆಯ ಮನೆಗಳಲ್ಲಿ ಕೈಗೆಲಸ ಬಲ್ಲ ಅಜ್ಜಂದಿರಿಗೆ ಕೊರತೆಯಿರಲಿಲ್ಲ. ಅಡಕೆಯ ಹಾಳೆಯನ್ನು ಮುಟ್ಟಾಳೆಯಾಗಿಸುವುದು, ತೆಂಗಿನ ನಾರನ್ನು ಹಗ್ಗವಾಗಿ ಹೊಸೆಯುವುದು, ನೊಗ ನೇಗಿಲುಗಳನ್ನು ಮಳೆಗಾಲಕ್ಕೆ ಮುಂಚೆ ಸಜ್ಜುಗೊಳಿಸುವುದು ಅವರಿಗೆ ನಿತ್ಯದ ಕಾಯಕ. ಅವರ ಹೆಸರು ಮನೆಯ ಅಂಗಳವನ್ನು ದಾಟಿ ಹೋಗಲಿಲ್ಲ. ಆದರೆ ಇದೇ ಸೀಮೆಯ ಹಿರಿಯರೊಬ್ಬರ ಕೈಗೆಲಸ ನಾಡಿಗೆಲ್ಲ ಕಾಣುವಂತೆ ಬೆಟ್ಟದ ಮೇಲೆ ನಿಂತಿದೆ. ಅವರು ಶಿಲ್ಪಿ ರೆಂಜಾಳ ಗೋಪಾಲ ಶೆಣೈ.

ಶೆಣೈಯವರು ಹುಟ್ಟಿದ್ದು 1896ರಲ್ಲಿ. ರೆಂಜಾಳವೆಂಬುದು ಕಾರ್ಕಳ ತಾಲ್ಲೂಕಿನದೇ ಒಂದು ಗ್ರಾಮ. ಕಾರ್ಕಳದ ಮಕ್ಕಳಿಗೆ ಕಲ್ಲಿನ ಮಹತ್ತನ್ನು ಯಾರೂ ಪಾಠ ಹೇಳಿ ಕಲಿಸಬೇಕಾಗಿಲ್ಲ. 1432ರಲ್ಲಿ ವೀರಪಾಂಡ್ಯ ಭೈರರಸನು ನಿಲ್ಲಿಸಿದ ಸುಮಾರು 42 ಅಡಿ ಎತ್ತರದ ಗೊಮ್ಮಟ ಊರ ಬಂಡೆಯ ಮೇಲಿನಿಂದ ದಿನವೂ ನೋಡುತ್ತಿರುತ್ತಾನೆ. ಅನಂತರ 1604ರಲ್ಲಿ ತಿಮ್ಮಣ್ಣ ಅಜಿಲನು ವೇಣೂರಿನಲ್ಲಿ 35 ಅಡಿಯ ಮೂರ್ತಿಯನ್ನು ಸ್ಥಾಪಿಸಿದನು. ಅಲ್ಲಿಂದ ಮುಂದೆ ಮೂರೂವರೆ ಶತಮಾನಕ್ಕೂ ಮಿಕ್ಕಿ ತುಳುನಾಡಿನಲ್ಲಿ ಅಂಥ ಬೃಹತ್ ಮೂರ್ತಿ ಮೂಡಲಿಲ್ಲ.

ಧರ್ಮಸ್ಥಳದ ಧರ್ಮಾಧಿಕಾರಿಗಳಾಗಿದ್ದ ರತ್ನವರ್ಮ ಹೆಗ್ಗಡೆಯವರು ಬಾಹುಬಲಿಯ ಮೂರ್ತಿಯೊಂದನ್ನು ತಮ್ಮ ಕ್ಷೇತ್ರದಲ್ಲಿ ನಿಲ್ಲಿಸುವ ಸಂಕಲ್ಪ ಮಾಡಿದಾಗ, ಆ ಹೊಣೆ ಬಂದದ್ದು ಶೆಣೈಯವರ ಪಾಲಿಗೆ. 1967ರಲ್ಲಿ ಕಾರ್ಕಳದಲ್ಲಿ ಕೆಲಸ ಆರಂಭವಾಯಿತು. ಶಿಲ್ಪಿಗೆ ಆಗಲೇ ಎಪ್ಪತ್ತು ದಾಟಿತ್ತು. ಆ ವಯಸ್ಸಿನಲ್ಲಿ ನಮ್ಮ ಮನೆಗಳ ಹಿರಿಯರಿಗೆ ಸಿಗುವ ಉಪದೇಶವೇ ಬೇರೆ: “ಇನ್ನು ಸಾಕು, ಮೂಲೆಯಲ್ಲಿ ಕುಳಿತು ರಾಮಾ ಕೃಷ್ಣಾ ಎನ್ನಿ.” ಈ ಹಿರಿಯರು ಹಿಡಿದದ್ದು ಜಪಮಾಲೆಯನ್ನಲ್ಲ, 39 ಅಡಿಯ ಏಕಶಿಲೆಯ ಕೆಲಸವನ್ನು.

ಕಲ್ಲಿನ ಕೆಲಸ ಮರದ ಕೆಲಸದಂತಲ್ಲ, ಮಣ್ಣಿನ ಕೆಲಸದಂತೆ ಮೊದಲೇ ಅಲ್ಲ. ಮಣ್ಣು ಕಡಿಮೆಯಾದರೆ ಮೆತ್ತಬಹುದು; ಮರಕ್ಕೆ ತುಂಡು ಹಚ್ಚಬಹುದು. ಕಲ್ಲಿನಿಂದ ಒಮ್ಮೆ ಸಿಡಿದ ಚಕ್ಕೆ ಮತ್ತೆ ಕೂಡಲಾರದು. ನೂರು ಏಟು ಸರಿಯಾಗಿ ಬಿದ್ದು ನೂರೊಂದನೆಯದು ತಪ್ಪಿದರೆ, ಮೂಗಿನ ತುದಿಯಲ್ಲೋ ತುಟಿಯ ಅಂಚಿನಲ್ಲೋ ಅದು ಕಾಲಾಂತರದವರೆಗೆ ಉಳಿಯುತ್ತದೆ. ಆದುದರಿಂದ ಈ ಕೆಲಸಕ್ಕೆ ತೋಳ್ಬಲಕ್ಕಿಂತ ಹೆಚ್ಚಾಗಿ ಬೇಕಾದದ್ದು ಎಲ್ಲಿ ನಿಲ್ಲಿಸಬೇಕೆಂಬ ಅರಿವು. ತೋಳ್ಬಲ ಕಿರಿಯರಲ್ಲಿರುತ್ತದೆ, ಆ ಅರಿವು ಬರುವುದಕ್ಕೆ ವಯಸ್ಸಾಗಬೇಕು.

ಕೆಲಸ ಹಿಡಿದ ಮರುವರ್ಷವೇ, 1968ರಲ್ಲಿ, ರತ್ನವರ್ಮ ಹೆಗ್ಗಡೆಯವರು ತೀರಿಕೊಂಡರು. ಸಂಕಲ್ಪ ಮಾಡಿದವರು ಹೋದರು; ಸಂಕಲ್ಪ ಅರ್ಧದಲ್ಲಿ ಉಳಿಯಿತು. ಪಟ್ಟಕ್ಕೆ ಬಂದ ಮಗ ವೀರೇಂದ್ರ ಹೆಗ್ಗಡೆಯವರು ಆಗ ಇಪ್ಪತ್ತರ ಅಂಚಿನಲ್ಲಿದ್ದ ತರುಣ. ಒಂದು ಕಡೆ ಇಪ್ಪತ್ತು, ಇನ್ನೊಂದು ಕಡೆ ಎಪ್ಪತ್ತೆರಡು. ನಡುವೆ ಮುಗಿಯದ ಕಲ್ಲು. ತಂದೆಯ ಮಾತನ್ನು ಕೈಬಿಡಬಾರದೆಂದು ಮಗ ನಿಂತರು, ಹಿಡಿದ ಕೆಲಸವನ್ನು ಕೈಬಿಡಬಾರದೆಂದು ಶಿಲ್ಪಿ ನಿಂತರು. ಯಾವ ಮನೆತನವಾದರೂ ಉಳಿಯುವುದು ಹೀಗೆಯೇ.

1973ರಲ್ಲಿ ಮೂರ್ತಿ ಸಿದ್ಧವಾಯಿತು. ಸುಮಾರು 170 ಟನ್ ತೂಕದ ಅದನ್ನು 64 ಚಕ್ರಗಳ ಬಂಡಿಯ ಮೇಲೆ ಮಲಗಿಸಿ ಧರ್ಮಸ್ಥಳಕ್ಕೆ ಸಾಗಿಸಲಾಯಿತು. 1975ರಲ್ಲಿ ರತ್ನಗಿರಿಯ ಮೇಲೆ ಎತ್ತಿ ನಿಲ್ಲಿಸಿದರು. 1982ರ ಫೆಬ್ರವರಿಯಲ್ಲಿ ಪ್ರತಿಷ್ಠೆ ನಡೆಯಿತು. ಕೆತ್ತಲು ತೊಡಗಿದ ದಿನದಿಂದ ಅಲ್ಲಿಗೆ ಹದಿನೈದು ವರ್ಷ. ತಾವು ಮಾಡಿದ ಮೂರ್ತಿಗೆ ಪ್ರಥಮ ಅಭಿಷೇಕವಾಗುವ ಕಾಲದವರೆಗೂ ಶೆಣೈಯವರು ಬಾಳಿದರು. ಆಯುಷ್ಯ ದೀರ್ಘವಾದದ್ದು ಸಾರ್ಥಕವಾಯಿತೆಂದು ಹೇಳುವುದು ಇಂಥ ಬಾಳಿಗೇ ಒಪ್ಪುತ್ತದೆ.

ಶಿಲ್ಪಿ ಹೋದ ಮೇಲೂ ಕಾರ್ಕಳದಲ್ಲಿ ಉಳಿಯ ಸದ್ದು ನಿಲ್ಲಲಿಲ್ಲ. ಬಜಗೋಳಿಗೆ ಹೋಗುವ ದಾರಿಯಲ್ಲಿ ಸಿಗುವ ಮಿಯ್ಯಾರಿನ ಸಿ. ಇ. ಕಾಮತ್ ಕುಶಲಕರ್ಮಿ ಸಂಸ್ಥೆಯಲ್ಲಿ ತರುಣರು ಕಲ್ಲು, ಮರ, ಲೋಹಗಳ ಕೆಲಸವನ್ನು ಕಲಿತಿದ್ದಾರೆ. ಮರ ಬಿದ್ದರೂ ಬೀಜ ಮೊಳೆಯಿತು.

ಎಲ್ಲ ಮನೆಗಳ ಅಜ್ಜಂದಿರೂ ಗೊಮ್ಮಟನನ್ನು ಕೆತ್ತಲಾರರು. ಅದರ ಅಗತ್ಯವೂ ಇಲ್ಲ. ಆದರೆ ಪೇಟೆಯ ಮನೆಗಳಲ್ಲಿ ಇಂದು ಹಿರಿಯರಿಗೆ ಆರಾಮ ಕುರ್ಚಿಯನ್ನು ಕೊಟ್ಟು, ಕೈಯಲ್ಲಿದ್ದ ಸುತ್ತಿಗೆಯನ್ನು ಕಸಿದುಕೊಳ್ಳುವುದೇ ಪ್ರೀತಿಯೆಂದು ತಿಳಿಯುವವರು ಹೆಚ್ಚು. ಪೆಟ್ಟಾದೀತೆಂಬ ಭಯ ಸಹಜವೇ. ಆದರೂ ಸಡಿಲವಾದ ಆ ಅಗುಳಿಯನ್ನು ಒಮ್ಮೆ ಅವರ ಮುಂದಿಟ್ಟು, ಮೊಳೆ ಹಿಡಿದುಕೊಳ್ಳಲು ಮೊಮ್ಮಗನನ್ನು ಪಕ್ಕದಲ್ಲಿ ಕುಳ್ಳಿರಿಸಿ ನೋಡಬೇಕು. ಕೆಲಸ ಸ್ವಲ್ಪ ನಿಧಾನವಾದೀತು, ಒಂದೆರಡು ಮೊಳೆ ಡೊಂಕಾದಾವು. ಮುಂದೆ ಎಂದೋ ಒಂದು ದಿನ ಆ ಮನೆಯ ಬಾಗಿಲು ಮತ್ತೆ ಸಡಿಲವಾದಾಗ, “ಅಜ್ಜ ಇದ್ದಿದ್ದರೆ” ಎಂದು ನಿಟ್ಟುಸಿರು ಬಿಡುವ ಬದಲು, “ಅಜ್ಜ ತೋರಿಸಿಕೊಟ್ಟಿದ್ದಾರೆ, ತಾ ಇಲ್ಲಿ” ಎನ್ನುವವನೊಬ್ಬ ಅಲ್ಲಿರುತ್ತಾನೆ.