ತಾರೀಖು ಬದಲಾದೀತು, ಎಚ್ಚರ!

ಹುಬ್ಬಳ್ಳಿಯ ಹುಡುಗಿಯೊಬ್ಬಳು ಕಾಲೇಜಿನ ಅರ್ಜಿಯಲ್ಲಿ ತನ್ನ ಊರನ್ನೂ 03-04-2008 ಎಂಬ ಜನ್ಮದಿನಾಂಕವನ್ನೂ ತುಂಬಿದಳೆನ್ನೋಣ. ಅದು ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಹೋಗುವುದು ಹೇಗೆ?

ಮಾಹಿತಿಯನ್ನು ಮೊದಲು ಅಂಕೆಗಳ ಸಾಲಾಗಿ ಜೋಡಿಸಬೇಕು. ಇದೇ ‘ಸೀರಿಯಲೈಸೇಷನ್’. ‘ಹುಬ್ಬಳ್ಳಿ’ ನಮ್ಮ ಕಣ್ಣಿಗೆ ಮೂರಕ್ಷರ. ಯೂನಿಕೋಡಿನಲ್ಲಿ ಮೂಲಾಕ್ಷರ, ಗುಣಿತ, ಒತ್ತಿನ ಗುರುತು ಸೇರಿ 9 ಸಂಕೇತ. ಯುಟಿಎಫ್-8 ಪದ್ಧತಿಯಲ್ಲಿ ಒಂದೊಂದಕ್ಕೆ 3 ಬೈಟಿನಂತೆ 27 ಬೈಟ್. ಓದುವ ಕಂಪ್ಯೂಟರು ಬೈಟಿಗೊಂದು ಅಕ್ಷರವೆಂದು ತಿಳಿದರೆ ಊರಿನ ಹೆಸರು ಗೋಜಲು ಚಿಹ್ನೆಗಳ ಸಾಲಾಗುತ್ತದೆ!

ಅಕ್ಷರ ಕೆಟ್ಟರೆ ಕಣ್ಣಿಗೆ ಬೀಳುತ್ತದೆ. ತಾರೀಖು ಕೆಟ್ಟರೆ ಬೀಳದು. 03-04 ನಮಗೆ ಏಪ್ರಿಲ್ 3, ಅಮೆರಿಕದ ಕ್ರಮದಲ್ಲಿ ಮಾರ್ಚ್ 4. ಎರಡೂ ಸರಿಯಾದ ದಿನಗಳೇ! ಬಹಳ ಬಳಕೆಯಲ್ಲಿರುವ ‘ಜೇಸನ್’ ನಮೂನೆಯಲ್ಲಿ ತಾರೀಖಿಗೆಂದು ಪ್ರತ್ಯೇಕ ಬಗೆಯಿಲ್ಲ; ಅದು ಬರಿಯ ಬರಹವಾಗಿ ಹೋಗುತ್ತದೆ. ಆದ್ದರಿಂದ ಬೇರೆ ಬೇರೆ ವ್ಯವಸ್ಥೆಗಳನ್ನು ಬೆಸೆಯುವ ‘ಅಪಾಚೆ ಕ್ಯಾಮೆಲ್’ನಂಥ ತಂತ್ರಾಂಶದಲ್ಲಿ ನಮೂನೆ, ಅಕ್ಷರಸಂಕೇತ, ತಾರೀಖಿನ ಕ್ರಮ ಮೂರನ್ನೂ ಮೊದಲೇ ಗೊತ್ತುಮಾಡಬೇಕಾಗುತ್ತದೆ. 1988ರಲ್ಲಿ ಬಂದ ಐಎಸ್‌ಒ 8601 ಮಾನಕದ ಕ್ರಮ ವರ್ಷ-ತಿಂಗಳು-ದಿನ: 2008-04-03. ಇದರಲ್ಲಿ ಗೊಂದಲವಿಲ್ಲ.

ಕಳಿಸುವವರು, ಓದುವವರು ಒಂದೇ ಕರಾರಿಗೆ ಬದ್ಧರಾದರೆ ಮಾತ್ರ ಮಾಹಿತಿ ಕ್ಷೇಮ. ಅರ್ಜಿಯ ಪ್ರತಿ ಕೈಗೆ ಬಂದಾಗ ಮಕ್ಕಳೂ ಪಾಲಕರೂ ಹೆಸರಿನ ಜತೆಗೆ ಜನ್ಮದಿನಾಂಕವನ್ನೂ ಓದಿನೋಡಬೇಕು. ವಿಶೇಷವಾಗಿ ಯಾರ ಹುಟ್ಟು ತಿಂಗಳ ಮೊದಲ 12 ದಿನಗಳಲ್ಲಿದೆಯೋ ಅವರು!