ಹಿತ್ತಲ ಒರಳು, ಮನೆಯ ಜ್ವರ

ಮಳೆಗಾಲ ಆರಂಭವಾಗುತ್ತಲೇ ನಮ್ಮ ಊರುಗಳಲ್ಲಿ ಒಂದು ಬೇಡಿಕೆ ತಪ್ಪದೆ ಕೇಳಿಬರುತ್ತದೆ: ‘ಸೊಳ್ಳೆ ಹೆಚ್ಚಾಗಿವೆ, ಹೊಗೆ ಹೊಡೆಸಿರಿ.’ ಯಂತ್ರ ಬಂದು ಓಣಿಗಳಲ್ಲಿ ಹೊಗೆ ಬಿಟ್ಟು ಹೋದರೆ ಜನರಿಗೆ ಸಮಾಧಾನ, ಬಾರದಿದ್ದರೆ ಅಸಮಾಧಾನ. ಡೆಂಗೀ ಜ್ವರದ ವಿಷಯದಲ್ಲಿ ಈ ಸಮಾಧಾನಕ್ಕೂ ಅಸಮಾಧಾನಕ್ಕೂ ಗಟ್ಟಿಯಾದ ಆಧಾರವಿಲ್ಲವೆಂಬುದು ನನ್ನ ಅಭಿಪ್ರಾಯ. ಈ ಜ್ವರವನ್ನು ಹರಡುವ ಸೊಳ್ಳೆಯು ಹೆಚ್ಚಾಗಿ ಹುಟ್ಟುವುದು ನಾವು ಕಾಳಜಿಯಿಂದ ತುಂಬಿಟ್ಟ ತಿಳಿನೀರಿನಲ್ಲಿ.

ಇದನ್ನು ನಾನು ಅರಿತದ್ದು ಕೆಲವು ವರ್ಷಗಳ ಹಿಂದೆ, ಮೊಮ್ಮಗಳು ಡೆಂಗೀಯಿಂದ ಐದು ದಿನ ಆಸ್ಪತ್ರೆಯಲ್ಲಿದ್ದಾಗ. ಮನೆಯ ಮುಂದಿನ ಗಟಾರವನ್ನು ದೂರುತ್ತ ನಾನು ಪಡಸಾಲೆಯಲ್ಲಿ ಕುಳಿತಿದ್ದೆ. ಆಶಾ ಕಾರ್ಯಕರ್ತೆಯೊಬ್ಬರು ಬಂದರು. ಗಟಾರದ ಕಡೆಗೆ ನೋಡದೆ, ‘ಅಜ್ಜಾರ, ಹಿತ್ತಲಾ ತೋರಸ್ರಿ’ ಎಂದರು. ಮಿಕ್ಸರ್ ಬಂದ ಮೇಲೆ ಮೂಲೆ ಸೇರಿದ್ದ ಒರಳುಕಲ್ಲಿನಲ್ಲಿ ಮಳೆಯ ನೀರು ನಿಂತಿತ್ತು. ಅವರು ಟಾರ್ಚ್ ಹಿಡಿದಾಗ, ಅಂಗೈಯಗಲದ ಆ ನೀರಿನಲ್ಲಿ ಸಣ್ಣ ಹುಳುಗಳು ಬಳುಕುತ್ತಿದ್ದವು. ಪಕ್ಕದ ಬ್ಯಾರಲ್‌ನಲ್ಲಿಯೂ ಅವೇ. ಸೊಸೆ ತಲೆ ತಗ್ಗಿಸಿದಳು. ತಗ್ಗಿಸಬೇಕಾದವನು ನಾನು, ಹಿತ್ತಲನ್ನು ನೋಡಿಕೊಳ್ಳುವುದು ಹೆಂಗಸರ ಕೆಲಸವೆಂದು ಅಷ್ಟು ವರ್ಷ ನಂಬಿ ಕುಳಿತವನು ನಾನೇ. ಮಗುವನ್ನು ಕಚ್ಚಿದ ಸೊಳ್ಳೆ ಅಲ್ಲಿಯೇ ಹುಟ್ಟಿತೆಂದು ಖಚಿತವಾಗಿ ಹೇಳಲಾಗದು. ಆದರೂ ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ಊರೆಲ್ಲ ಹುಡುಕಿದಂತಾಗಿತ್ತು ನನ್ನ ಸ್ಥಿತಿ.

ಡೆಂಗೀ ಹರಡುವ ಮುಖ್ಯ ಸೊಳ್ಳೆಯ ಹೆಸರು ಈಡಿಸ್ ಈಜಿಪ್ಟಿ. ಕಪ್ಪು ಮೈ, ಕಾಲುಗಳ ಮೇಲೆ ಬಿಳಿಯ ಪಟ್ಟೆಗಳು. ಇದು ಕಚ್ಚುವುದು ಹಗಲಿನಲ್ಲಿ, ವಿಶೇಷವಾಗಿ ಮುಂಜಾನೆ ಮತ್ತು ಸಂಜೆಯ ಮುಂಚಿನ ಹೊತ್ತಿನಲ್ಲಿ. ಆದ್ದರಿಂದ ರಾತ್ರಿಯ ಸೊಳ್ಳೆಪರದೆಯೊಂದೇ ಸಾಲದು. ಹಗಲು ಮಲಗುವ ಕೂಸುಗಳಿಗೂ ವೃದ್ಧರಿಗೂ ಆಗಲೂ ಪರದೆ ಬೇಕು. ಇದು ಬಹುದೂರ ಹಾರುವ ಜೀವಿಯೂ ಅಲ್ಲ; ಹುಟ್ಟಿದ ಮನೆಯ ಸುತ್ತಮುತ್ತಲೇ ಬಾಳುತ್ತದೆ. 2006ರಲ್ಲಿ ನಮ್ಮ ನಾಡಿನ ಹಳ್ಳಿಹಳ್ಳಿಗಳಲ್ಲಿ ಜನರು ಕೀಲುನೋವಿನಿಂದ ನೆಲ ಹಿಡಿಯುವಂತೆ ಮಾಡಿದ ಚಿಕೂನ್‌ಗುನ್ಯಾವನ್ನು ಹರಡಿದ್ದೂ ಇದೇ ಸೊಳ್ಳೆ.

ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಬೆಚ್ಚನೆಯ ಹವೆಯಲ್ಲಿ ಬೇಕಾಗುವುದು ಏಳರಿಂದ ಹತ್ತು ದಿನ. ಉತ್ತರ ಕರ್ನಾಟಕದ ಅನೇಕ ಊರುಗಳಲ್ಲಿ ನಲ್ಲಿಗೆ ನೀರು ಬರುವುದು ಎಷ್ಟು ದಿನಕ್ಕೊಮ್ಮೆ? ಎಂಟು ದಿನಕ್ಕೋ ಹತ್ತು ದಿನಕ್ಕೋ! ನೀರಿನ ಸರದಿಯೂ ಸೊಳ್ಳೆಯ ಬೆಳವಣಿಗೆಯೂ ಹೀಗೆ ಒಂದಕ್ಕೊಂದು ಹೊಂದಿಕೊಂಡಿವೆ. ನೀರಿನ ಅಭಾವವೇ ನಮ್ಮನ್ನು ಶೇಖರಿಸುವಂತೆ ಮಾಡುತ್ತದೆ. ಶೇಖರಣೆಯೇ ಸೊಳ್ಳೆಗೆ ತೊಟ್ಟಿಲಾಗುತ್ತದೆ. ‘ನೀರು ಚೆಲ್ಲಿರಿ’ ಎಂಬ ಉಪದೇಶ ಇಂಥ ಊರಿನ ಗೃಹಿಣಿಗೆ ಕ್ರೂರವಾಗಿ ಕೇಳಿಸಿದರೆ ಆಶ್ಚರ್ಯವಿಲ್ಲ.

ಆದರೆ ಒಂದು ಹನಿಯನ್ನೂ ವ್ಯರ್ಥ ಮಾಡದೆ ಈ ಸರದಿಯನ್ನು ಮುರಿಯಬಹುದು. ನೀರು ಬರುವ ದಿನ ಮುಂಜಾನೆ, ಬ್ಯಾರಲ್ಲು, ಹಂಡೆಗಳ ತಳದಲ್ಲಿ ಉಳಿದ ನೀರನ್ನು ಗಿಡಗಳಿಗೆ, ಅಂಗಳಕ್ಕೆ, ಶೌಚಾಲಯಕ್ಕೆ ಬಳಸಿ ಖಾಲಿ ಮಾಡಬೇಕು. ಅನಂತರ ಪಾತ್ರೆಯ ಒಳಮೈಯನ್ನು ತೆಂಗಿನ ನಾರಿನಿಂದ ಬಲವಾಗಿ ಉಜ್ಜಬೇಕು. ಈ ಉಜ್ಜುವಿಕೆಯೇ ಮುಖ್ಯ. ಏಕೆಂದರೆ ಈಡಿಸ್ ಸೊಳ್ಳೆ ನೀರಿನ ಅಂಚಿಗಿಂತ ತುಸು ಮೇಲೆ, ತೇವದ ಗೋಡೆಗೆ ಮೊಟ್ಟೆಗಳನ್ನು ಅಂಟಿಸುತ್ತದೆ. ಅವು ಒಣಗಿದರೂ ಸಾಯದೆ ತಿಂಗಳುಗಟ್ಟಲೆ ಕಾದಿದ್ದು, ನೀರು ತಾಗಿದೊಡನೆ ಒಡೆಯುತ್ತವೆ. ಹೊಸ ನೀರು ತುಂಬಿದ ಮೇಲೆ ಹಳೆಯ ಧೋತರವನ್ನೋ ನೂಲಿನ ಸೀರೆಯನ್ನೋ ಎರಡು ಮಡಿಕೆಯಾಗಿ ಹೊದಿಸಿ, ಅಂಚಿಗೆ ಹುರಿ ಬಿಗಿದು ಕಟ್ಟಬೇಕು. ಓರೆಯಾಗಿ ಮುಚ್ಚಿದ ತಗಡು ಸೊಳ್ಳೆಯನ್ನು ತಡೆಯದು. ದಿನವೂ ನೀರು ಬರುವ ಊರಿನವರು ವಾರಕ್ಕೊಂದು ದಿನವನ್ನು ಇದಕ್ಕಾಗಿ ಗೊತ್ತುಮಾಡಿಕೊಳ್ಳಲಿ.

ಖಾಲಿ ಮಾಡಲಾಗದ ದೊಡ್ಡ ತೊಟ್ಟಿಗೂ ಬಾವಿಗೂ ಗಪ್ಪಿ ಮೀನುಗಳನ್ನು ಬಿಡಬಹುದು. ಅವು ಸೊಳ್ಳೆಯ ಮರಿಹುಳುಗಳನ್ನು ತಿನ್ನುತ್ತವೆ. ಕೆರೆ, ಹಳ್ಳಗಳಿಗೆ ಮಾತ್ರ ಅವನ್ನು ಬಿಡಬಾರದು. ನಾಡಮೀನುಗಳಿಗೆ ಅವು ಕಂಟಕವಾಗುತ್ತವೆ.

ಇನ್ನು ನಾವು ಮರೆತ ನೀರು. ಫ್ರಿಜ್ಜಿನ ಹಿಂದಿನ ತಟ್ಟೆ, ಕೂಲರಿನ ತಳ, ಹೂಕುಂಡದ ಕೆಳಗಿನ ತಟ್ಟೆ, ಮಾಳಿಗೆಯ ಮೇಲೆಸೆದ ಟೈರು, ಎಳನೀರಿನ ಬುರುಡೆ, ದನ ಮಾರಿದ ಮೇಲೆ ಬರಿದಾದ ಕಲ್ಲುಬಾನಿ. ಹಕ್ಕಿಗಳಿಗಾಗಿ ಇಟ್ಟ ಬೋಗುಣಿಯನ್ನು ತೆಗೆಯಬೇಕಿಲ್ಲ. ಎರಡು ದಿನಕ್ಕೊಮ್ಮೆ ಉಜ್ಜಿ ನೀರು ಬದಲಿಸಿದರಾಯಿತು.

ಹಾಗಾದರೆ ಹೊಗೆ ನಿರರ್ಥಕವೇ? ಜ್ವರ ಹಬ್ಬಿದ ಓಣಿಯಲ್ಲಿ ಹಾರುವ ಸೊಳ್ಳೆಗಳನ್ನು ತತ್ಕ್ಷಣ ಕೊಲ್ಲಲು ಅದು ನೆರವಾಗುತ್ತದೆ. ಆದರೆ ಕಪಾಟಿನ ಹಿಂದೆ ಅಡಗಿದ ಸೊಳ್ಳೆಯನ್ನು ಬೀದಿಯ ಹೊಗೆ ಮುಟ್ಟುವುದು ಕಷ್ಟ. ನೀರಿನೊಳಗಿನ ಮರಿಹುಳುಗಳನ್ನಂತೂ ಮುಟ್ಟುವುದೇ ಇಲ್ಲ. ಆಳುವವರಿಂದ ನಾವು ಕೇಳಬೇಕಾದದ್ದು ಹೊಗೆಗಿಂತ ಮೊದಲು, ನಿಯಮಿತವಾಗಿ ಬರುವ ನೀರು. 2024ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಸರ್ಕಾರವು ಡೆಂಗೀಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಹುಟ್ಟಲು ಎಡೆಮಾಡಿಕೊಟ್ಟ ಮನೆಗಳಿಗೆ ನಗರಗಳಲ್ಲಿ 400 ರೂಪಾಯಿ, ಗ್ರಾಮಗಳಲ್ಲಿ 200 ರೂಪಾಯಿ ದಂಡವನ್ನು ಗೊತ್ತುಪಡಿಸಿತು. ಮನೆಯವರ ಹೊಣೆಯನ್ನು ನೆನಪಿಸುವುದು ಯುಕ್ತವೇ. ಆದರೆ ಹತ್ತು ದಿನಕ್ಕೊಮ್ಮೆ ನೀರು ಕೊಡುವ ವ್ಯವಸ್ಥೆಯು ನೀರು ತುಂಬಿಟ್ಟವರನ್ನು ದಂಡಿಸುವ ಮುನ್ನ ತನ್ನ ಹೊಣೆಯನ್ನೂ ನೆನೆಯುವುದು ನ್ಯಾಯ.

ಇಷ್ಟಾಗಿಯೂ ಜ್ವರ ಬಂದರೆ ವೈದ್ಯರಲ್ಲಿಗೆ ಹೋಗುವುದೇ ಸರಿ. ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ. ಆಸ್ಪಿರಿನ್, ಐಬುಪ್ರೊಫೆನ್ ಮಾತ್ರೆಗಳು ರಕ್ತಸ್ರಾವದ ಅಪಾಯವನ್ನು ಹೆಚ್ಚಿಸುವುದರಿಂದ ಸರ್ವಥಾ ಬೇಡ. ಜ್ವರ ಇಳಿದ ಕೂಡಲೇ ಗಂಡಾಂತರ ಕಳೆಯಿತೆಂದು ಭಾವಿಸಬಾರದು. ಅಪಾಯದ ಘಟ್ಟ ಹಲವರಲ್ಲಿ ಆಗಲೇ ಆರಂಭವಾಗುತ್ತದೆ. ತೀವ್ರ ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ, ವಿಪರೀತ ಸುಸ್ತು ಕಂಡರೆ ತಡಮಾಡದೆ ಆಸ್ಪತ್ರೆಗೆ ಧಾವಿಸಬೇಕು.

ನಮ್ಮ ಮನೆಯ ಒರಳು ಈಗಲೂ ಹಿತ್ತಲಿನಲ್ಲಿದೆ. ಮಗುಚಲಾಗದಷ್ಟು ಭಾರವಾದ್ದರಿಂದ ಅದಕ್ಕೆ ಮಣ್ಣು ತುಂಬಿ ಪುದೀನಾ ನೆಟ್ಟಿದ್ದೇವೆ. ನೀರು ಬರುವ ದಿನ ಬ್ಯಾರಲ್ ಉಜ್ಜುವ ಕೆಲಸ ನನ್ನದು. ಟಾರ್ಚ್ ಹಿಡಿದು ತಪಾಸಣೆ ಮಾಡುವ ಅಧಿಕಾರ ಮೊಮ್ಮಗಳದು. ಓದುಗರು ಈ ಸಂಚಿಕೆಯನ್ನು ಕೆಳಗಿಟ್ಟೊಡನೆ ಒಮ್ಮೆ ತಮ್ಮ ಹಿತ್ತಲಿಗೆ ಹೋಗಿ ಬರಲಿ.