ಸಾವಿರ ರೂಪಾಯಿ ದಂಡದ ಭದ್ರತೆ

2025ರ ಮೇ ತಿಂಗಳಲ್ಲಿ ಪಾಕಿಸ್ತಾನದೊಡನೆ ಸಂಘರ್ಷ ಬಿಗಡಾಯಿಸಿದಾಗ, ಪ್ರಾದೇಶಿಕ ಸೇನೆಯ (ಟೆರಿಟೋರಿಯಲ್ ಆರ್ಮಿ) ಯಾರನ್ನು ಬೇಕಾದರೂ ಕರ್ತವ್ಯಕ್ಕೆ ಕರೆಸಿಕೊಳ್ಳುವ ಅಧಿಕಾರವನ್ನು ಕೇಂದ್ರ ಸರ್ಕಾರ ಭೂಸೇನಾ ಮುಖ್ಯಸ್ಥರಿಗೆ ಕೊಟ್ಟಿತು. ಅದರ 32 ಪದಾತಿ ಬೆಟಾಲಿಯನ್‌ಗಳ ಪೈಕಿ 14ನ್ನು ನಿಯೋಜಿಸಲು ಅನುಮತಿಯೂ ಸಿಕ್ಕಿತು. ಟಿ.ವಿ.ಗಳಲ್ಲಿ ಆಗ ದೊಡ್ಡ ಕುತೂಹಲವೆಂದರೆ, ಈ ಸೇನೆಯಲ್ಲಿ ಗೌರವ ಲೆಫ್ಟಿನೆಂಟ್ ಕರ್ನಲ್ ಆಗಿರುವ ಕ್ರಿಕೆಟಿಗ ಧೋನಿ ಗಡಿಗೆ ಹೋಗುತ್ತಾರೋ ಇಲ್ಲವೋ ಎಂಬುದು. ಧೋನಿಗೆ ನೌಕರಿ ಕಳೆದುಕೊಳ್ಳುವ ಭಯವಿಲ್ಲ; ನೌಕರಿಯ ಜೊತೆಗೇ ಇದರಲ್ಲಿ ಸೇವೆ ಸಲ್ಲಿಸುವ ಖಾಸಗಿ ಕಂಪನಿಯ ಸೂಪರ್‌ವೈಸರನಿಗೆ ಇದೆ. ಬೆಂಗಳೂರು, ಬೆಳಗಾವಿಗಳಲ್ಲೂ ನೆಲೆಯಿರುವ ಈ ಸೇನೆ ನಿಂತಿರುವುದೇ ಇಂಥವರ ಮೇಲೆ. ಇಲ್ಲಿ ಅಧಿಕಾರಿಯಾಗಲು ಬಯಸುವ ನಾಗರಿಕನಿಗೆ ಮೊದಲೇ ಒಂದು ಉದ್ಯೋಗವಿರಬೇಕೆಂಬುದು ನಿಯಮ.

1948ರ ಪ್ರಾದೇಶಿಕ ಸೇನಾ ಕಾಯ್ದೆ ಈ ನೌಕರರನ್ನು ಮರೆತಿಲ್ಲ. ಸೇವೆಗೆ ಕರೆ ಬಂದವನಿಗೆ ಮಾಲೀಕ ರಜೆ ಕೊಡಬೇಕು. ಮರಳಿದಾಗ, ನಡುವೆ ಅಡ್ಡಿಯೇ ಆಗದಿದ್ದರೆ ಎಂಥ ಸ್ಥಾನಮಾನ ಇರುತ್ತಿತ್ತೋ ಅದಕ್ಕೆ ಕಡಿಮೆಯಾಗದಂತೆ ಕೆಲಸ ಕೊಡಬೇಕು. ಮಾತು ಉದಾರವಾಗಿಯೇ ಇದೆ. ಮಾಲೀಕ ಒಪ್ಪದಿದ್ದರೆ? ವಿಷಯ ನಿಗದಿತ ಪ್ರಾಧಿಕಾರದ ಮುಂದೆ ಹೋಗುತ್ತದೆ. ಅದು ಮಾಲೀಕನಿಗೆ ವಿನಾಯಿತಿಯನ್ನೇ ಕೊಡಬಹುದು, ಮರಳಿ ಸೇರಿಸಿಕೊಳ್ಳಲು ಆದೇಶಿಸಬಹುದು, ಇಲ್ಲವೇ ಹೆಚ್ಚೆಂದರೆ ಆರು ತಿಂಗಳ ಸಂಬಳದಷ್ಟು ಪರಿಹಾರ ಕೊಡಿಸಬಹುದು. ಮರಳಿ ಸೇರಿಸಿಕೊಳ್ಳಿ ಎಂಬ ಆದೇಶವನ್ನು ಧಿಕ್ಕರಿಸಿದವನಿಗೆ, ಆ ಆರು ತಿಂಗಳ ಸಂಬಳವನ್ನು ಬಿಟ್ಟರೆ, ಕಾಯ್ದೆ ವಿಧಿಸುವುದು ಗರಿಷ್ಠ ಒಂದು ಸಾವಿರ ರೂಪಾಯಿ ದಂಡ. ಕಾಯ್ದೆ ಬಂದ ಕಾಲಕ್ಕೆ ಅದು ದೊಡ್ಡ ಮೊತ್ತವೇ. ಇಂದು ದೊಡ್ಡ ಕಂಪನಿಯೊಂದಕ್ಕೆ ಹತ್ತು ವರ್ಷ ದುಡಿದವನನ್ನು ಕೈಬಿಡುವುದು ಇಷ್ಟು ಅಗ್ಗವಾದರೆ, ಅದನ್ನು ಹಕ್ಕು ಎನ್ನುವುದಕ್ಕಿಂತ ಬಿಡುಗಡೆಯ ದರಪಟ್ಟಿ ಎನ್ನಬೇಕು.

ಸ್ವಂತ ಇಚ್ಛೆಯಿಂದ ಸೇರಿದವನ ಹೊರೆಯನ್ನು ಮಾಲೀಕ ಏಕೆ ಹೊರಬೇಕು ಎಂದು ಕೇಳುವವರಿದ್ದಾರೆ. ಸೇರುವುದು ಇಚ್ಛೆ, ನಿಜ. ಕರೆ ಬಂದ ಮೇಲೆ ಹೋಗುವುದು ಇಚ್ಛೆಯಲ್ಲ. ಅಮೆರಿಕದಲ್ಲಿ ಮೀಸಲು ಸೈನಿಕರೂ ಸ್ವಇಚ್ಛೆಯಿಂದಲೇ ಸೇರುತ್ತಾರೆ. ಆದರೂ ಅಲ್ಲಿನ 1994ರ ಕಾಯ್ದೆ ಸಾಮಾನ್ಯವಾಗಿ ಒಟ್ಟು ಐದು ವರ್ಷದ ಸೇವೆಯವರೆಗೆ ಕೆಲಸವನ್ನು ಕಾಪಾಡುತ್ತದೆ, ಸೈನಿಕನೆಂಬ ಕಾರಣಕ್ಕೆ ನೌಕರಿ ನಿರಾಕರಿಸುವುದನ್ನೂ ನಿಷೇಧಿಸುತ್ತದೆ. ಮಾಲೀಕ ರಾಜ್ಯ ಸರ್ಕಾರವೇ ಆಗಿದ್ದರೂ ಮೊಕದ್ದಮೆ ಹೂಡಬಹುದೆಂದು ಅಲ್ಲಿನ ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿತು. ಹತ್ತು ಜನರ ವರ್ಕ್‌ಶಾಪಿನ ಕಷ್ಟ ಮಾತ್ರ ಬೇರೆ; ಇರುವ ಒಬ್ಬನೇ ಲೇತ್ ಕೆಲಸಗಾರ ಹೊರಟರೆ ಯಂತ್ರವೇ ನಿಲ್ಲುತ್ತದೆ. ಅಂಥವರಿಗೆ ಬದಲಿ ಆಳಿನ ಖರ್ಚಿನಲ್ಲಿ ಒಂದು ಪಾಲನ್ನು ರಕ್ಷಣಾ ಬಜೆಟ್ ಭರಿಸಲಿ. ಸೇವೆ ಪಡೆಯುವುದು ದೇಶವೇ ತಾನೆ. ದೊಡ್ಡ ಕಂಪನಿಗಳಿಗೆ ಆ ರಿಯಾಯಿತಿ ಬೇಡ. ಅವರ ವಿಷಯದಲ್ಲಿ ದಂಡವನ್ನು ನೌಕರನ ವಾರ್ಷಿಕ ಸಂಬಳಕ್ಕೆ ಜೋಡಿಸಬೇಕು, ಪ್ರಾಧಿಕಾರ ತೀರ್ಪು ಕೊಡಲು ಗಡುವು ಇರಬೇಕು. ಭೂಸೇನಾ ಮುಖ್ಯಸ್ಥರಿಗೆ ಕರೆಯ ಅಧಿಕಾರ ಕೊಟ್ಟ ಅಧಿಸೂಚನೆ 2028ರ ಫೆಬ್ರುವರಿ 9ರವರೆಗೆ ಜಾರಿಯಲ್ಲಿರುತ್ತದೆ. ಅಷ್ಟರೊಳಗೆ ಈ ತಿದ್ದುಪಡಿಯನ್ನು ನಮ್ಮ ಸಂಸದರು ಸದನದಲ್ಲಿ ಕೇಳಲಿ.